ಶೆಡ್ ಡ್ಯೂಟಿ

ಜೂನ್ ೨, ಸೋಮವಾರ

ಈ ಡಿಪೋದಲ್ಲಿ ಎಲ್ಲರ ಹೆಸರನ್ನೂ ನೋಟಿಸ್ ಬೋರ್ಡಿಗೆ ಅಂಟಿಸುವವಳು ನಾನು. ಇವತ್ತು ನನ್ನ ಹೆಸರನ್ನೇ ಬೇರೆ ಯಾರೋ ಅಂಟಿಸಿದ್ದರು. ಸಹೋದ್ಯೋಗಿ ಆಸರೆ ತರಬೇತಿ, ಮೂರು ದಿನ, ಆಯ್ಕೆಯಾದವರು ಹನ್ನೆರಡು ಮಂದಿ. ಒಂಬತ್ತನೆಯದು ನಾನು.

ನಾನೇ ಏಕೆ ಸರ್ ಎಂದು ಮ್ಯಾನೇಜರನ್ನು ಕೇಳಿದೆ. ಹೆರಿಗೆ ರಜೆ ಮುಗಿಸಿ ಬಂದು ಇನ್ನೂ ಏಳು ವಾರ. ಅವರು ಫೈಲಿನಿಂದ ತಲೆ ಎತ್ತದೆ, ಇಲ್ಲಿರುವ ಇನ್ನೂರ ನಲವತ್ತು ಜನರಲ್ಲಿ ನಿಮ್ಮ ಕಿಟಕಿಗೆ ಬಂದು ಗೋಳು ತೋಡಿಕೊಳ್ಳದವರು ಒಬ್ಬರನ್ನು ತೋರಿಸಿ ಎಂದರು. ಬರುವುದು ನಿಜ. ಆದರೆ ಮನಸ್ಸು ಬಿಚ್ಚಲು ಬರುವುದಿಲ್ಲ, ಡ್ಯೂಟಿ ಬದಲಾಯಿಸಿಕೊಳ್ಳಲು ಬರುತ್ತಾರೆ. ಯಾರಿಗೆ ಯಾವ ರೂಟು, ಯಾವ ಪಾಳಿ, ಯಾವ ಡ್ರೈವರಿಗೆ ಯಾವ ಕಂಡಕ್ಟರು ಎಂದು ತಿಂಗಳ ಚಾರ್ಟು ಬರೆಯುವ ಗುಮಾಸ್ತೆ ನಾನು. ಇಲ್ಲಿ ನನ್ನನ್ನು ಕರೆಯುವುದೇ ಚಾರ್ಟಮ್ಮ ಎಂದು.

ಬೇರೆ ಡಿಪೋದಲ್ಲಿ ಒಬ್ಬ ಮೆಕ್ಯಾನಿಕ್ ಜೀವ ಕಳೆದುಕೊಂಡ ಮೇಲೆ ಹೆಡ್ಡಾಫೀಸಿಗೆ ಎಚ್ಚರವಾಗಿದೆ. ಕಷ್ಟದಲ್ಲಿರುವ ಕೆಲಸಗಾರರು ಡಾಕ್ಟರ ಹತ್ತಿರ ಹೋಗುವ ಮೊದಲು ಜೊತೆಯವರ ಹತ್ತಿರ ಮಾತಾಡುತ್ತಾರಂತೆ. ಆ ಜೊತೆಯವರನ್ನು ತಯಾರು ಮಾಡುವ ತರಬೇತಿ ಇದು.

ನಿನ್ನೆ ನನಗೆ ಮೂರು ಗಂಟೆ ನಿದ್ದೆ. ಪುಟ್ಟಿ ಎದ್ದಿರಲಿಲ್ಲ. ನಾನೇ ಎದ್ದು ಎದ್ದು ಅವಳ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದೆ. ಬೆಳಿಗ್ಗೆ ಅತ್ತೆ ಹೇಳಿದರು: "ಉಸಿರಾಡೋದನ್ನ ನೀನು ಕಾವಲು ಕಾಯ್ಬೇಕಾಗಿಲ್ಲ ಕಣೇ. ಅದೊಂದು ಕೆಲಸ ಅದು ಹೊಟ್ಟೆಯಿಂದಲೇ ಕಲಿತು ಬಂದಿದೆ." ನನಗೂ ಗೊತ್ತು. ಡಿಗ್ರಿ ಓದಿದ್ದೇನೆ, ಜೀವಶಾಸ್ತ್ರ ನನ್ನ ವಿಷಯವಾಗಿತ್ತು.

ಜೂನ್ ೪, ಬುಧವಾರ

ಮೊದಲ ದಿನದ ತರಬೇತಿ. ಟಯರ್ ಗೋದಾಮಿನ ಮೇಲಿನ ಮೀಟಿಂಗ್ ರೂಮು. ರಬ್ಬರಿನ ವಾಸನೆ, ಒಂದೇ ಫ್ಯಾನು, ಅದೂ ತರಬೇತಿ ಮೇಡಂ ನಿಂತ ಕಡೆಗೆ ಮಾತ್ರ ಗಾಳಿ ಬೀಸುತ್ತದೆ. ಮೇಡಂ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮಾತು ಮೆತ್ತಗೆ, ಆದರೆ ಹಿಡಿದ ವಿಷಯ ಬಿಡುವುದಿಲ್ಲ.

ಇಡೀ ದಿನ ಒಂದೇ ಪಾಠ. ಸುಮ್ಮನೆ ಕೇಳಿಸಿಕೊಳ್ಳಿ, ಸಲಹೆ ಕೊಡಬೇಡಿ, ರಿಪೇರಿಗೆ ಕೈ ಹಾಕಬೇಡಿ. ನಮ್ಮ ಹಿರಿಯ ಮೆಕ್ಯಾನಿಕ್, ಎಲ್ಲರೂ ಬೋಲ್ಟ್ ಮೇಷ್ಟ್ರು ಎನ್ನುವವರು, ಕೈ ಎತ್ತಿದರು. "ಮೇಡಂ, ಮೂವತ್ತು ವರ್ಷದಿಂದ ರಿಪೇರಿ ಒಂದೇ ನಾನು ಮಾಡಿರೋದು. ಈಗ ಗಾಡಿ ಮುಂದೆ ಕೈ ಕಟ್ಟಿ ಕೂತ್ಕೊಂಡು, ಹೌದಾ, ತುಂಬಾ ನೋವಾಗ್ತಿದೆಯಾ ಅನ್ಬೇಕಾ?" ಎಲ್ಲರೂ ನಕ್ಕರು. ಮೇಡಮ್ಮೂ ನಕ್ಕು, ಹೌದು, ಅದೇ ಎಂದರು.

ನಾನು ಎಲ್ಲವನ್ನೂ ಬರೆದುಕೊಂಡೆ. ಪರೀಕ್ಷೆಗೆ ಓದಿದ ಹಾಗೆ ಹಸಿರು ಗೆರೆ, ಕೆಂಪು ಗೆರೆ. ಬಹಳ ದಿನಗಳ ಮೇಲೆ ತಲೆ ಚುರುಕಾಗಿತ್ತು. ಸಂಜೆ ಮನೆಗೆ ಹೋಗಿ ಪುಟ್ಟಿಯನ್ನು ಎತ್ತಿಕೊಂಡು ಮೂರು ಮಹಡಿ ಇಳಿದು ಹಾಲು ತಂದೆ. ಇಳಿಯುವಾಗ ಮಾತ್ರ ಗೋಡೆ ಹಿಡಿದುಕೊಂಡೆ.

ಜೂನ್ ೬, ಶುಕ್ರವಾರ

ಕೊನೆಯ ದಿನ. ಇವತ್ತಿನ ಪಾಠ ಕಷ್ಟದ್ದು.

ಯಾರಾದರೂ "ಸಾಕಾಗಿದೆ", "ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ" ಎಂಬಂಥ ಮಾತಾಡಿದರೆ ಸುತ್ತಿ ಬಳಸದೆ ನೇರ ಕೇಳಬೇಕು. ಸಾಯಬೇಕು ಅನ್ನಿಸುತ್ತಿದೆಯಾ ಎಂದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ, ಇರುವ ಯೋಚನೆ ಹೊರಗೆ ಬರುತ್ತದೆ ಎಂದು ಮೇಡಂ ಮೂರು ಸಲ ಹೇಳಿದರು. ಹೇಳಿದ್ದೆಲ್ಲ ಗುಟ್ಟಾಗಿಡಬೇಕು. ಆದರೆ ಜೀವಕ್ಕೆ ಅಪಾಯ ಅನ್ನಿಸಿದರೆ ಗುಟ್ಟು ಇಲ್ಲ. ಅವತ್ತೇ ಹಳದಿ ಫಾರಂ ತುಂಬಿ ಹೆಡ್ಡಾಫೀಸಿನ ಡಾಕ್ಟರಿಗೆ ತಿಳಿಸಬೇಕು. ಡ್ರೈವರಾದರೆ ಡಾಕ್ಟರು ಹೇಳುವ ತನಕ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ.

ಆಮೇಲೆ ಜೋಡಿ ಜೋಡಿಯಾಗಿ ಎದುರು ಬದುರು ಕೂರಿಸಿ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವ ಅಭ್ಯಾಸ. ನನಗೆ ಬೋಲ್ಟ್ ಮೇಷ್ಟ್ರು ಜೋಡಿ. ಅವರು ನನ್ನನ್ನು ಕೇಳಿದರು, ಸಲೀಸಾಗಿ, ನಟ್ಟು ಸಡಿಲವಾಗಿದೆಯಾ ಎಂದು ಕೇಳುವ ಹಾಗೆ. ಅಭ್ಯಾಸ ತಾನೆ, ಹೌದು ಎಂದು ಹೇಳುವ ಪಾತ್ರ ನನ್ನದು. ನಾನು ಕೆಮ್ಮಿದೆ. ನನ್ನ ಸರದಿ ಬಂದಾಗ ನೋಟ್ಸಿನ ಪುಟ ತಿರುವುತ್ತ ಕೂತೆ. ಮೇಷ್ಟ್ರು ಮೆಲ್ಲಗೆ, "ಕೇಳು ತಾಯಿ, ನಾನೇನೂ ಇಲ್ಲೇ ಸಾಯಲ್ಲ, ಸಂಜೆ ಓವರ್‌ಟೈಮ್ ಇದೆ" ಎಂದರು. ಅಷ್ಟರಲ್ಲಿ ಚಹಾ ಬಂತು.

ಎಲ್ಲರಿಗೂ ಎದೆಗೆ ಸಿಕ್ಕಿಸಿಕೊಳ್ಳಲು ಬ್ಯಾಡ್ಜು ಕೊಟ್ಟರು. ‘ನನ್ನ ಜೊತೆ ಮಾತಾಡಿ.’

ಜೂನ್ ೧೨, ಗುರುವಾರ

ನಿಧಾನಣ್ಣ ಬಂದಿದ್ದರು.

ಮೂವತ್ತೊಂದನೇ ರೂಟಿನ ಡ್ರೈವರು. ಐವತ್ತನಾಲ್ಕು ವಯಸ್ಸು. ಅವಸರದಲ್ಲಿರುವ ಜನ ಅವರ ಬಸ್ಸು ಬಿಟ್ಟು ಹಿಂದಿನದನ್ನು ಹತ್ತುತ್ತಾರೆ, ಅಷ್ಟು ನಿಧಾನ. ಇಪ್ಪತ್ತಾರು ವರ್ಷ ಒಂದು ಕೋಳಿಗೂ ಗಾಯ ಮಾಡಿದವರಲ್ಲ. ಮೇ ತಿಂಗಳಲ್ಲಿ ಗಡಿಯಾರದ ಅಂಗಡಿಯ ತಿರುವಿನಲ್ಲಿ ಸೈಕಲ್ಲಿನ ಮೇಲಿದ್ದ ಒಬ್ಬ ಮುದುಕರು ಜಾರಿ ಇವರ ಬಸ್ಸಿನ ಹಿಂದಿನ ಚಕ್ರಕ್ಕೆ ಸಿಕ್ಕು ತೀರಿಕೊಂಡರು. ತಪ್ಪು ಡ್ರೈವರದ್ದಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಒಂಬತ್ತನೆಯ ದಿನ ಅದೇ ಬಸ್ಸು, ಅದೇ ರೂಟು, ಹನ್ನೆರಡು ವರ್ಷದಿಂದ ಜೊತೆಗಿರುವ ಅದೇ ಕಂಡಕ್ಟರು.

ಕಿಟಕಿಯಲ್ಲಿ ಬಗ್ಗಿ ನನ್ನ ಬ್ಯಾಡ್ಜು ಓದಿದರು. ಯಾರು ಬೇಕಾದರೂ ಮಾತಾಡಬಹುದಾ ಎಂದರು. ಒಳಗೆ ಕರೆದು ಕುರ್ಚಿ ಹಾಕಿದೆ. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ನನ್ನನ್ನಲ್ಲ, ಗೋಡೆಯ ಮೇಲಿನ ಚಾರ್ಟನ್ನು ನೋಡುತ್ತ ಮಾತಾಡಿದರು. ದಿನಕ್ಕೆ ನಾಲ್ಕು ಸಲ ಆ ತಿರುವು ದಾಟಬೇಕು. ನಾಲ್ಕೂ ಸಲ ಅವರಿಗೆ ಸೈಕಲ್ ಬೆಲ್ಲು ಕೇಳಿಸುತ್ತದಂತೆ. "ಒಂದೇ ಒಂದು ಸಲ ಹೊಡೆದ್ರಮ್ಮ ಅವರು. ದಾರಿ ಬಿಡಿ ಅಂತ ಅಲ್ಲ. ನಾನಿದ್ದೀನಿ ಇಲ್ಲಿ ಅಂತ."

ಮನೆಯಲ್ಲಿ ಕುರ್ಚಿಯ ಮೇಲೆ ಕೂತರೂ ಕೈ ಸ್ಟೀರಿಂಗ್ ಹಿಡಿದ ಹಾಗೇ ಇರುತ್ತದಂತೆ. ಯಾರಿಗೂ ಹೇಳಬೇಡಮ್ಮ ಎಂದರು. ಕಂಡಕ್ಟರಿಗಂತೂ ಬೇಡವೇ ಬೇಡ, ಅವಳು ಆಗಲೇ ನನ್ನನ್ನು ಗಾಜಿನ ಲೋಟದ ಹಾಗೆ ನೋಡುತ್ತಿದ್ದಾಳೆ ಎಂದರು. ಎದ್ದು ಹೋಗುವ ಮೊದಲು ಟೋಪಿ ಕೊಡವಿ, "ಒಂದೊಂದ್ಸಲ ಸಾಕು ಅನ್ಸಿಬಿಡುತ್ತೆ" ಎಂದರು.

ಸಾಕು ಎಂದರೆ ಏನು ಸಾಕು ಎಂದು ಕೇಳಬೇಕು. ನೋಟ್ಸಿನಲ್ಲಿ ಕೆಂಪು ಗೆರೆ ಎಳೆದ ಜಾಗ ಅದು. ನಾನು ಕೇಳಿದ್ದು: "ಊಟ ಸರಿಯಾಗಿ ಮಾಡ್ತಿದ್ದೀರಾ ಅಣ್ಣ?"

ಮಾಡುತ್ತಿದ್ದೇನೆ ಎಂದರು.

ಜೂನ್ ೧೩, ಶುಕ್ರವಾರ

ಹಳದಿ ಫಾರಂ ತೆಗೆದು ಮೇಜಿನ ಮೇಲಿಟ್ಟುಕೊಂಡು ಅರ್ಧ ಗಂಟೆ ಕೂತಿದ್ದೆ. ಇದನ್ನು ತುಂಬಿದರೆ ನಾಳೆಯೇ ಅವರ ಹೆಸರಿನ ಮುಂದೆ ಚಾರ್ಟಿನಲ್ಲಿ ‘ವೈದ್ಯಕೀಯ’ ಎಂದು ಬರೆಯಬೇಕು. ಬರೆಯುವವಳೂ ನಾನೇ. ಅದು ಬೋರ್ಡಿನ ಮೇಲೆ ಹೋಗುತ್ತದೆ. ಕೈಕಾಲು ಮುರಿಯದವನಿಗೆ ವೈದ್ಯಕೀಯ ಏಕೆ ಎಂದು ಮಧ್ಯಾಹ್ನದೊಳಗೆ ಡೀಸೆಲ್ ಹಾಕುವವನ ತನಕ ಎಲ್ಲರೂ ಊಹಿಸುತ್ತಾರೆ. ಯಾರಿಗೂ ಹೇಳಬೇಡ ಎಂದವರು ಅವರು. ಮೇಲಾಗಿ ಅವರು ಸಾಯುವ ಮಾತೇನೂ ಆಡಲಿಲ್ಲ. ಸಾಕು ಎಂದರು, ಅಷ್ಟೇ. ನಾನೂ ದಿನಕ್ಕೆ ಹತ್ತು ಸಲ ಅನ್ನುತ್ತೇನೆ.

ಫಾರಮ್ಮನ್ನು ಡ್ರಾಯರಿಗೆ ಹಾಕಿದೆ.

ಜೂನ್ ೨೪, ಮಂಗಳವಾರ

ಪುಟ್ಟಿಗೆ ಹಲ್ಲು ಬರುತ್ತಿದೆ ಎಂದರು ಅತ್ತೆ. ನಾನು ನೋಡಿರಲಿಲ್ಲ. ಸ್ನಾನ ಈಗ ಅತ್ತೆಯೇ ಮಾಡಿಸುತ್ತಾರೆ. ಒದ್ದೆ ಮಗು ಕೈಯಿಂದ ಜಾರುತ್ತದೆ. ಇವರು ಮುದ್ರಣಾಲಯದಿಂದ ಬರುವುದು ತಡ, ಬಂದಾಗ ಮಗು ಮಲಗಿರುತ್ತದೆ, ನಾನು ಎಚ್ಚರ ಇರುತ್ತೇನೆ. ಮಲಗೋಕೆ ಏನು ಕಷ್ಟ ನಿನಗೆ ಎಂದು ಪಾಪ ನಿಜವಾಗಿ ತಿಳಿಯದೆ ಕೇಳುತ್ತಾರೆ. ಉತ್ತರ ಗೊತ್ತಿದ್ದರೆ ಮಲಗುತ್ತಿದ್ದೆ.

ಜುಲೈ ಚಾರ್ಟು ಶುರು ಮಾಡಿದ್ದೇನೆ. ಒಂದು ಉಪಾಯ ಹೊಳೆದಿದೆ.

ಜೂನ್ ೩೦, ಸೋಮವಾರ

ಇವತ್ತು ಚಾರ್ಟು ಬೋರ್ಡಿಗೆ ಹೋಯಿತು. ಬಹಳ ದಿನಗಳ ಮೇಲೆ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ. ವಿವರವಾಗಿ ಬರೆದಿಡುತ್ತೇನೆ.

ಶೆಡ್ ಡ್ಯೂಟಿ ಎಂದೊಂದಿದೆ. ರೂಟು ಮುಗಿಸಿ ಬಂದ ಬಸ್ಸುಗಳನ್ನು ಡೀಸೆಲ್ ಬಂಕಿನಿಂದ ತೊಳೆಯುವ ಜಾಗಕ್ಕೆ, ಅಲ್ಲಿಂದ ನಿಲ್ಲಿಸುವ ಸಾಲಿಗೆ ಓಡಿಸುವುದು. ಡಿಪೋ ಗೇಟು ದಾಟುವಂತಿಲ್ಲ. ಜನರಿಲ್ಲ, ಸಿಗ್ನಲ್ ಇಲ್ಲ, ಸೈಕಲ್ ಇಲ್ಲ. ಕಂಡಕ್ಟರೂ ಬೇಕಿಲ್ಲ. ಸಂಬಳ ಅದೇ. ಸಾಮಾನ್ಯವಾಗಿ ಬೆನ್ನು ನೋವಿನವರು, ಕಣ್ಣು ಮಂದವಾದವರು ಕೇಳಿಕೊಂಡು ಬರುತ್ತಾರೆ. ಈ ತಿಂಗಳು ಕೇಳಿದವರು ಯಾರೂ ಇರಲಿಲ್ಲ. ನಿಧಾನಣ್ಣನನ್ನು ಅಲ್ಲಿಗೆ ಹಾಕಿದೆ. ಮೂವತ್ತೊಂದಕ್ಕೆ ಹೊಸಬ ಒಬ್ಬನನ್ನು ಕೊಟ್ಟೆ. ಫಾರಂ ಇಲ್ಲ, ವೈದ್ಯಕೀಯ ಇಲ್ಲ, ಯಾರಿಗೂ ಒಂದು ಮಾತು ಹೇಳಿದ್ದಿಲ್ಲ. ಗುಟ್ಟು ಗುಟ್ಟಾಗಿಯೇ ಉಳಿಯಿತು, ತಿರುವೂ ತಪ್ಪಿತು. ಮೇಡಂ ಇದನ್ನು ರಿಪೇರಿ ಎನ್ನಬಹುದು. ಆದರೆ ಮೇಡಂ ಕೈಯಲ್ಲಿ ಚಾರ್ಟು ಇಲ್ಲವಲ್ಲ.

ಅವರಿಗೂ ಮೊದಲೇ ಹೇಳಿರಲಿಲ್ಲ. ತಾವೇ ನೋಡಿ ಹಗುರಾಗಲಿ ಎಂದು. ಮಧ್ಯಾಹ್ನ ಬೋರ್ಡಿನ ಮುಂದೆ ನಿಂತಿದ್ದರು. ತಮ್ಮ ಹೆಸರನ್ನು ಮೂವತ್ತೊಂದರ ಸಾಲಿನಲ್ಲಿ ಹುಡುಕಿದರು, ಆಮೇಲೆ ಬೆರಳನ್ನು ಕೆಳಕೆಳಗೆ ಜಾರಿಸುತ್ತ ಹೋಗಿ ಕೊನೆಯ ಸಾಲಿನಲ್ಲಿ ನಿಲ್ಲಿಸಿದರು. ಬಹಳ ಹೊತ್ತು ಬೆರಳು ಅಲ್ಲೇ ಇತ್ತು. ಕಿಟಕಿಯ ಹತ್ತಿರ ಬಂದಾಗ ನಾನು ನಕ್ಕು, ಈಗ ಆರಾಮಲ್ವಾ ಅಣ್ಣ ಎಂದೆ.

"ಆಗ್ಲಮ್ಮ" ಎಂದರು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಹತ್ತು ನಿಮಿಷ ನಿದ್ದೆ ಬಂದಿತ್ತು. ನಿಜವಾದ ನಿದ್ದೆ.

ಜುಲೈ ೪, ಶುಕ್ರವಾರ

ರೈಟಕ್ಕ ಬಂದು ಜಗಳವಾಡಿ ಹೋದಳು. ಮೂವತ್ತೊಂದರ ಕಂಡಕ್ಟರು. ಬಸ್ಸಿನ ಹಿಂಬಾಗಿಲಿನಿಂದ ಅವಳು ರೈಟ್ ಎಂದು ಕೂಗಿದರೆ ಪಕ್ಕದ ಬಸ್ಸೂ ಹೊರಡುತ್ತದೆ ಎಂದು ಡಿಪೋದಲ್ಲಿ ತಮಾಷೆ. ಇವತ್ತು ಕೂಗಲಿಲ್ಲ. ಅದೇ ಭಯವಾಯಿತು.

"ಚಾರ್ಟಮ್ಮ, ಹನ್ನೆರಡು ವರ್ಷದ ಜೋಡಿ ಮುರಿಯೋಕೆ ಒಂದು ಕಾರಣ ಬೇಕಲ್ಲ. ನೀನು ಬರೆದ್ಯಾ, ಅವರೇ ಬರೆಸಿದ್ರಾ?"

ಆಡಳಿತದ ಅನುಕೂಲ ಎಂದೆ. ಬಾಯಿಪಾಠದ ಮಾತು.

"ಆಡಳಿತಕ್ಕೆ ಅನುಕೂಲ. ಹೊಸ ಹುಡುಗ ಬ್ರೇಕ್ ಹಾಕಿದ್ರೆ ಜನ ನನ್ನ ಮಡಿಲಿಗೆ ಬಂದು ಬೀಳ್ತಾರೆ, ಅದು ನನಗೆ ಅನುಕೂಲ" ಎಂದಳು. ಆಮೇಲೆ ದನಿ ಇಳಿಸಿ, ಅವರೇ ಕೇಳಿಕೊಂಡರಾ, ಅಷ್ಟು ಹೇಳು ಸಾಕು ಎಂದಳು. ಮಾತು ಕೊಟ್ಟಿದ್ದೇನೆ. ಹೌದು ಎಂದರೂ ತಪ್ಪು, ಇಲ್ಲ ಎಂದರೂ ಮುಂದಿನ ಪ್ರಶ್ನೆ ಬರುತ್ತದೆ. ಸುಮ್ಮನಿದ್ದೆ. ಅವಳು ನನ್ನ ಮೌನವನ್ನು ಹೌದು ಎಂದು ತೆಗೆದುಕೊಂಡಳು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ತಿದ್ದಲಿಲ್ಲ.

ಜುಲೈ ೮, ಮಂಗಳವಾರ

ಆಸರೆ ಗುಂಪಿನ ಮೊದಲ ಸಭೆ. ಪ್ರತಿಯೊಬ್ಬರೂ ಒಂದು ಪುಸ್ತಕದಲ್ಲಿ ಹೆಸರಿಲ್ಲದೆ ವಿವರ ಬರೆಯಬೇಕು. ‘ಏನು ಮಾಡಿದಿರಿ’ ಎಂಬ ಕಾಲಂನಲ್ಲಿ ‘ಕೆಲಸದ ಒತ್ತಡ ಕಡಿಮೆ ಮಾಡಲಾಯಿತು’ ಎಂದು ಬರೆದೆ. ಮ್ಯಾನೇಜರು ಅದನ್ನು ಎಲ್ಲರೆದುರು ಓದಿ, ಹೀಗಿರಬೇಕು ಎಂದರು. ತರಬೇತಿ ಮೇಡಂ ಫೋನಿನಲ್ಲಿದ್ದರು. ನೇರ ಪ್ರಶ್ನೆ ಕೇಳಿದಿರಾ ಎಂದರು. ಕೇಳಿದೆ ಎಂದೆ. ಸುಳ್ಳು ಅಷ್ಟು ಸರಾಗವಾಗಿ ಬಂತು.

ಬೆಳಿಗ್ಗೆ ಹೊರಡುವ ಮೊದಲು ಮನೆಯ ಬಾಲ್ಕನಿ ಬಾಗಿಲಿಗೆ ಬೀಗ ಹಾಕಿ ಕೀಲಿ ಅತ್ತೆಗೆ ಕೊಟ್ಟೆ. ನಿಮ್ಮ ಹತ್ತಿರವೇ ಇರಲಿ, ನಾನು ಕೇಳಿದರೂ ಕೊಡಬೇಡಿ ಎಂದೆ. ಬಟ್ಟೆ ಎಲ್ಲಿ ಒಣಹಾಕಲಿ, ನಿನ್ನ ತಲೆ ಮೇಲಾ ಎಂದರು ಅತ್ತೆ. ನಗಬೇಕಿತ್ತು. ಮಗು ಅವರ ಸೊಂಟದ ಮೇಲಿಂದ ನನ್ನ ಕಡೆ ಕೈ ಚಾಚುತ್ತಿತ್ತು. ತಡವಾಗುತ್ತದೆ ಎಂದು ಹೊರಟೆ. ಬೆಳಿಗ್ಗೆ ಐದೂವರೆಗೇ ಡಿಪೋಗೆ ಬಂದುಬಿಟ್ಟರೆ ವಾಸಿ ಅನ್ನಿಸುತ್ತದೆ. ಇಲ್ಲಿ ನನ್ನಿಂದ ಯಾರಿಗೂ ಏನೂ ಆಗುವುದಿಲ್ಲ.

ಜುಲೈ ೧೦, ಗುರುವಾರ

ಮಧ್ಯಾಹ್ನ ಡಬ್ಬಿ ಬಿಚ್ಚಿ ಮುಚ್ಚಿ ಕೂತಿದ್ದಾಗ ರೈಟಕ್ಕ ಮತ್ತೆ ಬಂದಳು. ಜಗಳಕ್ಕಲ್ಲ. ಎದುರು ಕೂತು, ನಾನೇನು ತಪ್ಪು ಮಾಡಿದೆ ಅಂತ ಅವರು ನಿನಗೆ ಹೇಳಿದ್ರಾ ಎಂದಳು.

ಮೇ ತಿಂಗಳಿಂದ ಅವಳೊಂದು ಕೆಲಸ ಮಾಡುತ್ತಿದ್ದಳಂತೆ. ಗಡಿಯಾರದ ಅಂಗಡಿಯ ತಿರುವಿಗೆ ಒಂದು ಸ್ಟಾಪ್ ಇರುವಾಗಲೇ ಟಿಕೆಟ್ ಕೊಡುವುದು ಬಿಟ್ಟು ಮುಂದೆ ಹೋಗಿ ಡ್ರೈವರ್ ಸೀಟಿನ ಪಕ್ಕದ ಕಂಬ ಹಿಡಿದು ನಿಲ್ಲುತ್ತಿದ್ದಳು. ಬಾಯಿಗೆ ಬಂದದ್ದು ಮಾತಾಡುತ್ತಿದ್ದಳು. ತನ್ನ ಅತ್ತಿಗೆಯ ಮೂಗುತಿ, ಓನರ್ ಮನೆಯ ನಾಯಿ, ಹಿಂದಿನ ಸೀಟಿನವನ ಗೊರಕೆ. ತಿರುವು ದಾಟುವ ತನಕ ಬಾಯಿ ಮುಚ್ಚುತ್ತಿರಲಿಲ್ಲ. ಜನ ಬೈಯುತ್ತಿದ್ದರಂತೆ. ದಾಟಿದ ಮೇಲೆ ನಿಧಾನಣ್ಣ ಕನ್ನಡಿಯಲ್ಲಿ ನೋಡಿ ತಲೆ ಆಡಿಸುತ್ತಿದ್ದರು, ಇವಳು ಹಿಂದೆ ಬರುತ್ತಿದ್ದಳು.

"ಒಂದಿನಾನೂ ಅದರ ಬಗ್ಗೆ ಮಾತಾಡ್ಕೊಂಡಿಲ್ಲ ನಾವು. ಅವರಿಗೆ ನನ್ನ ವಟವಟ ಸಾಕಾಗಿತ್ತೇನೋ. ಹೇಳಿದ್ರೆ ನಿಲ್ಲಿಸ್ತಿದ್ದೆನಲ್ಲ. ಚಾರ್ಟಿನಲ್ಲಿ ಯಾಕೆ ಹೇಳಬೇಕಿತ್ತು?"

ಅವಳು ಹೋದ ಮೇಲೆ ಚಾರ್ಟಿನ ಮುಂದೆ ನಿಂತೆ. ಬೋರ್ಡಿಗೆ ಹೋದ ಚಾರ್ಟನ್ನು ನಡುವೆ ತಿದ್ದಬೇಕಾದರೆ ಮ್ಯಾನೇಜರ ಸಹಿ ಬೇಕು, ಕಾರಣ ಬರೆಯಬೇಕು. ಏನು ಕಾರಣ ಬರೆಯಲಿ? ಆಗಸ್ಟ್ ಒಂದಕ್ಕೆ ಹೊಸ ಚಾರ್ಟು. ಅದರಲ್ಲಿ ಇಬ್ಬರನ್ನೂ ಮತ್ತೆ ಮೂವತ್ತೊಂದಕ್ಕೆ ಹಾಕುತ್ತೇನೆ. ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಇಪ್ಪತ್ತೆರಡು ದಿನ ಅಷ್ಟೇ.

ಜುಲೈ ೧೪, ಸೋಮವಾರ

ನಿಧಾನಣ್ಣ ಕಿಟಕಿಗೆ ಬಂದಿದ್ದರು. ಗಡ್ಡ ಬಿಟ್ಟಿದ್ದಾರೆ. ಶೆಡ್ ಹೇಗಿದೆ ಎಂದೆ. ಖಾಲಿ ಬಸ್ಸು ತುಂಬಾ ಸದ್ದು ಮಾಡುತ್ತದೆ ಎಂದರು. ಜನ ಕೂತಿದ್ದಾಗ ಕೇಳಿಸದ ತಗಡು, ಗಾಜು, ಸರಪಳಿ, ಎಲ್ಲ ಕೇಳಿಸುತ್ತದಂತೆ. ಜನರನ್ನು ಕೂರಿಸಿಕೊಂಡು ಹೋಗಲು ಲಾಯಕ್ಕಿಲ್ಲದವನಿಗೆ ಅದೇ ಸರಿ ಬಿಡಮ್ಮ ಎಂದರು. ಹಾಗೇನಿಲ್ಲ ಅಣ್ಣ ಎಂದೆ. ಆಗಸ್ಟಿನಲ್ಲಿ ಎಲ್ಲ ಸರಿಮಾಡುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಅವರೇ ಮೊದಲು ಹೇಳಿದರು:

"ಆಗಸ್ಟ್ ಚಾರ್ಟಿಗೆ ನನ್ನ ಹೆಸರು ಬರೆಯೋ ಕಷ್ಟ ತಗೋಬೇಡಮ್ಮ."

ಅಂತೂ ರಜೆ ತೆಗೆದುಕೊಳ್ಳುವ ಮನಸ್ಸು ಮಾಡಿದರಲ್ಲ ಎಂದು ನನಗೆ ಎಷ್ಟು ಹಗುರಾಯಿತೆಂದರೆ, ಎದ್ದು ಹೋಗಿ ಬೀರುವಿನಿಂದ ರಜೆ ಅರ್ಜಿಯ ಫಾರಂ ತಂದು ಕೊಟ್ಟೆ. ಮೂವತ್ತು ದಿನಕ್ಕಿಂತ ಹೆಚ್ಚಾದರೆ ಎರಡು ಪ್ರತಿ ಬೇಕು ಎಂದು ಎರಡು ಕೊಟ್ಟೆ. ಎಲ್ಲಿ ಸಹಿ ಹಾಕಬೇಕು ಎಂದು ಪೆನ್ಸಿಲ್ ಗುರುತು ಮಾಡಿಯೂ ಕೊಟ್ಟೆ. ಅವರು ನನ್ನನ್ನು ನೋಡಿದರು. ಏನೋ ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. ಎರಡೂ ಹಾಳೆಯನ್ನು ನೀಟಾಗಿ ಮಡಿಸಿ ಜೇಬಿಗಿಟ್ಟುಕೊಂಡರು. "ಮಗೂನ ನೋಡ್ಕೋಮ್ಮ" ಎಂದು ಹೋದರು.

ಆಗಸ್ಟಿನಲ್ಲಿ ಅವರ ಜಾಗ ಖಾಲಿ ಬಿಡಬೇಕು. ನೆನಪಿಟ್ಟುಕೊಳ್ಳಬೇಕು.

ಜುಲೈ ೧೭, ಗುರುವಾರ

ಬೆಳಿಗ್ಗೆ ಐದೂವರೆಗೆ ನಾನು ಬಂದಾಗ ಗೇಟಿನಲ್ಲಿ ಆಂಬುಲೆನ್ಸು ನಿಂತಿತ್ತು. ನಿಧಾನಣ್ಣ ಶೆಡ್ಡಿನ ಕೊನೆಯ ಸಾಲಿನ ಬಸ್ಸಿನೊಳಗೆ ಸಿಕ್ಕಿದ್ದರು. ಆಂಬುಲೆನ್ಸಿಗೆ ಅವಸರವಿರಲಿಲ್ಲ.

ಜುಲೈ ೧೮, ಶುಕ್ರವಾರ

ಶೆಡ್ ಡ್ಯೂಟಿಗೆ ಬದಲಿ ಹಾಕಬೇಕಾಗಿತ್ತು. ಹಾಕಿದೆ. ಹೆಸರಿನ ಮುಂದೆ ಏನು ಬರೆಯುವುದೆಂದು ಮ್ಯಾನೇಜರನ್ನು ಕೇಳಿದೆ. ಸುಮ್ಮನೆ ಗೆರೆ ಎಳೆಯಿರಿ ಎಂದರು. ಎಳೆದೆ. ಸ್ಕೇಲು ಇಟ್ಟು.

ಜುಲೈ ೨೧, ಸೋಮವಾರ

ಆಸರೆ ಪುಸ್ತಕವನ್ನು ಮ್ಯಾನೇಜರು ತೆಗೆದುಕೊಂಡು ಹೋದರು. ಹೆಡ್ಡಾಫೀಸಿನವರು ನಾಡಿದ್ದು ಬರುತ್ತಾರೆ, ನಿಧಾನಣ್ಣ ನಿಮ್ಮ ಹತ್ತಿರ ವಿಶೇಷವಾಗಿ ಏನೂ ಹೇಳಿರಲಿಲ್ಲ ಅಲ್ಲವಾ ಎಂದರು. ಪ್ರಶ್ನೆಯೊಳಗೇ ಉತ್ತರ ಇಟ್ಟುಕೊಟ್ಟರು. ನಿಮಗೆ ಚಿಕ್ಕ ಮಗು ಇದೆ, ತಲೆ ಕೆಡಿಸಿಕೊಳ್ಳಬೇಡಿ ಎಂದೂ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ತೊಳೆಯುವ ಜಾಗದಲ್ಲಿ ಬಸ್ಸು ಹಿಂದಕ್ಕೆ ಬರುತ್ತಿದ್ದರೂ ನಾನು ದಾರಿಯಲ್ಲೇ ನಿಂತಿದ್ದೆನಂತೆ. ಬೋಲ್ಟ್ ಮೇಷ್ಟ್ರು ಓಡಿ ಬಂದು ತೋಳು ಹಿಡಿದು ಎಳೆದರು. ಕಿವಿ ಕೇಳ್ಸಲ್ವಾ ತಾಯಿ ಎಂದು ಬೈದರು. ಕೇಳಿಸಿತ್ತು. ಸರಿಯುವಷ್ಟು ಕಾರಣ ಕಾಣಲಿಲ್ಲ, ಅಷ್ಟೇ. ಸುಸ್ತು. ಹೋದ ಮೂರು ದಿನದಲ್ಲಿ ಒಟ್ಟು ಐದು ಗಂಟೆ ನಿದ್ದೆ ಮಾಡಿರಬಹುದು.

ನಿಧಾನಣ್ಣನ ಮನೆಗೆ ಎಲ್ಲರೂ ಹೋಗಿ ಬಂದರು. ರೈಟಕ್ಕ ಹೊಸ್ತಿಲ ಹೊರಗೇ ನಿಂತಿದ್ದಳಂತೆ, ಒಳಗೆ ಕರೆದರೂ ಹೋಗಲಿಲ್ಲವಂತೆ. ನನ್ನ ಜೊತೆ ಇರಲಾರೆ ಅಂದವರ ಮನೆಗೆ ಯಾವ ಮುಖ ಹೊತ್ತು ಹೋಗಲಿ ಎಂದಳಂತೆ. ಹೀಗೆಂದು ಟಿಕೆಟ್ ವಿಭಾಗದವಳು ಬಂದು ಹೇಳಿದಳು.

ಜುಲೈ ೨೨, ಮಂಗಳವಾರ

ಹೇಳಿದೆ.

ಮೂವತ್ತೊಂದು ಮೊದಲ ಟ್ರಿಪ್ ಮುಗಿಸಿ ಬರುವ ತನಕ ಸಾಲಿನ ಹತ್ತಿರ ಕಾದೆ. ಜನ ಇಳಿದ ಮೇಲೆ ಹತ್ತಿದೆ. ಹೊಸ ಡ್ರೈವರು ಚಹಾಕ್ಕೆ ಹೋದ. ರೈಟಕ್ಕ ಹಿಂದಿನ ಸೀಟಿನಲ್ಲಿ ಲೆಕ್ಕದ ಹಾಳೆ ಮಡಿಲಲ್ಲಿಟ್ಟುಕೊಂಡು ಬರೆಯದೆ ಕೂತಿದ್ದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಜೂನಿನಲ್ಲಿ ಅವರು ಬಂದದ್ದು, ಬೆಲ್ಲಿನ ಸದ್ದು, ಸಾಕು ಎಂದದ್ದು, ನಾನು ಊಟದ ವಿಷಯ ಕೇಳಿದ್ದು. ಅವರು ಜೋಡಿ ಬಿಡಿಸಿ ಎಂದು ಕೇಳಿರಲಿಲ್ಲ, ನಾನೇ ಅವರಿಗೂ ತಿಳಿಸದೆ ಬಿಡಿಸಿದ್ದು. ತಿರುವಿನ ವಿಷಯ ಅವಳು ಹೇಳಿದ ಮೇಲೂ ಸಹಿ ಬೇಕು, ಕಾರಣ ಬೇಕು ಎಂದು ಹನ್ನೊಂದನೇ ತಾರೀಕು, ಹನ್ನೆರಡು, ಹದಿಮೂರು ಎಂದು ಕಾದದ್ದು. ಕೊನೆಗೆ ರಜೆ ಅರ್ಜಿ ಕೊಟ್ಟದ್ದು. ಪೆನ್ಸಿಲ್ ಗುರುತನ್ನೂ ಹೇಳಿದೆ.

ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

ಅವಳು ಕೇಳಿದ್ದು ಒಂದೇ. "ಅಂದ್ರೆ ನನ್ನ ಬೇಡ ಅಂದಿರಲಿಲ್ಲ ಅವರು."

ಇಲ್ಲ ಅಕ್ಕ ಎಂದೆ.

"ಅಷ್ಟು ದಿನ ನಾನೂ ಶೆಡ್ ಕಡೆ ತಲೆ ಹಾಕಲಿಲ್ಲ. ಹಟ ಮಾಡಿದೆ. ಬೇಡ ಅಂದವರ ಹತ್ತಿರ ನಾನ್ಯಾಕೆ ಹೋಗಲಿ ಅಂತ." ಕೈಯಲ್ಲಿದ್ದ ಹಾಳೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಐದು ಹೆಜ್ಜೆ ದೂರ ಶೆಡ್ಡು, ಹದಿನಾರು ದಿನ ಎಂದಳು.

ನನಗೆ ಕೂರು ಎಂದು ಅವಳು ಹೇಳಲಿಲ್ಲ. ನಾಳೆ ಹೆಡ್ಡಾಫೀಸಿನವರಿಗೂ ಇದನ್ನೇ ಹೇಳುತ್ತೇನೆ, ಆಮೇಲೆ ನನಗೇನೂ ಕೆಲಸವಿಲ್ಲ, ಎಲ್ಲ ಮುಗಿಯುತ್ತದೆ ಎಂದೆ. ಸುಮ್ಮನೆ ಹೇಳಿದ ಮಾತು. ಅವಳು ತಟ್ಟನೆ ತಲೆ ಎತ್ತಿದಳು. ಏನು ಮುಗಿಯುತ್ತೆ ಎಂದಳು. ಏನಿಲ್ಲ ಎಂದೆ.

"ಏನು ಮುಗಿಯುತ್ತೆ, ಬಾಯಿ ಬಿಟ್ಟು ಹೇಳು."

ಯಾವ ತರಬೇತಿಯಲ್ಲೂ ಕೂತವಳಲ್ಲ ಅವಳು. ನಾನು ಬಸ್ಸಿನ ಕಂಬ ಹಿಡಿದುಕೊಂಡೆ. ಮಗುವನ್ನು ಎತ್ತಿಕೊಂಡು ನಾನು ಮೆಟ್ಟಿಲಿಳಿದು ತಿಂಗಳಾಯಿತು ಎಂದೆ. ಬಾಲ್ಕನಿಯ ಕೀಲಿ ಅತ್ತೆಯ ಹತ್ತಿರ ಇದೆ ಎಂದೆ. ಕೇಳಿದ ಪ್ರಶ್ನೆಗೆ ಇದು ಉತ್ತರವೇ ಅಲ್ಲ. ಏಕೆ ಅದನ್ನೇ ಹೇಳಿದೆನೋ. ಅವಳು ಲೆಕ್ಕದ ಹಾಳೆಯನ್ನು ಚೀಲಕ್ಕೆ ತುರುಕಿ ಎದ್ದಳು. ಆಮೇಲೆ ಹೊಸ ಡ್ರೈವರನ್ನು ಕೂಗಿ, ಎರಡನೇ ಟ್ರಿಪ್ಪಿಗೆ ಬೇರೆ ಕಂಡಕ್ಟರನ್ನು ಕರ್ಕೋ ಎಂದಳು.

ಅವಳೇ ನನ್ನನ್ನು ಮನೆಗೆ ಮುಟ್ಟಿಸಿದಳು. ಅತ್ತೆಯ ಹತ್ತಿರ ಅಡುಗೆಮನೆಯಲ್ಲಿ ನಿಂತು ಏನೋ ಮಾತಾಡಿದಳು. ಇವರು ಅರ್ಧ ದಿನಕ್ಕೇ ಮುದ್ರಣಾಲಯದಿಂದ ಬಂದರು. ಇಷ್ಟೆಲ್ಲ ಗಲಾಟೆ ಏಕೆಂದು ನನಗೆ ತಿಳಿಯಲಿಲ್ಲ.

ಜುಲೈ ೨೪, ಗುರುವಾರ

ನಿನ್ನೆ ಹೆಡ್ಡಾಫೀಸಿನವರ ಮುಂದೆ ಎಲ್ಲ ಹೇಳಿ ಸಹಿ ಹಾಕಿದೆ. ಪುಸ್ತಕದ ಆ ಕಾಲಂ ತೋರಿಸಿ ಇದು ಸುಳ್ಳು ಎಂದೆ. ತರಬೇತಿ ಮೇಡಂ ಮೂಲೆಯಲ್ಲಿ ಕೂತಿದ್ದರು, ಕಣ್ಣು ಒರೆಸಿಕೊಂಡರು. ಮ್ಯಾನೇಜರು ನನ್ನ ಕಡೆ ನೋಡಲಿಲ್ಲ. ಕೆಲಸದ ವಿಷಯ ಆಮೇಲೆ ತಿಳಿಸುತ್ತಾರಂತೆ.

ಇವತ್ತು ಆಸ್ಪತ್ರೆ. ಬಾಣಂತಿಯರನ್ನು ನೋಡುವ ಮನಸ್ಸಿನ ಡಾಕ್ಟರು ಗುರುವಾರ ಮಾತ್ರ ಬರುತ್ತಾರಂತೆ. ಏಳು ತಿಂಗಳ ಮಗುವಿನ ತಾಯಿ ಎಂಥ ಬಾಣಂತಿ ಎಂದೆ. ಇವರು, ಅತ್ತೆ, ಮಗು ಹೊರಗೆ ಮರದ ಕೆಳಗಿದ್ದಾರೆ. ಒಳಗಿನ ಬೆಂಚಿನಲ್ಲಿ ನಾನು ಮತ್ತು ರೈಟಕ್ಕ. ರಜೆ ಹಾಕಿ ಬಂದಿದ್ದಾಳೆ. ಒಂದೂಕಾಲು ಗಂಟೆಯಾಯಿತು. ನಾನು ಈ ಹಾಳೆಯಲ್ಲಿ ಬರೆಯುತ್ತಿದ್ದೇನೆ, ಅವಳು ಎದುರು ಗೋಡೆ ನೋಡುತ್ತಿದ್ದಾಳೆ.

ಕೊನೆಗೆ ನಾನೇ ಕೇಳಿದೆ. ನನ್ನನ್ನು ಕ್ಷಮಿಸಿದ್ದೀಯಾ ಅಕ್ಕ ಎಂದು.

"ಇಲ್ಲ" ಎಂದಳು. "ಅದು ಆಗುತ್ತೋ ಇಲ್ವೋ ನನಗೂ ಗೊತ್ತಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಾಯಿ ಮುಚ್ಕೊಂಡು ಕೂತ್ಕೋ."

ಈಗ ನರ್ಸು ನನ್ನ ನಂಬರು ಕೂಗಿದಳು. ನಾನೊಬ್ಬಳೇ ಹೋಗಿ ಬರುತ್ತೇನೆ ಎಂದೆ. ರೈಟಕ್ಕ ಆಗಲೇ ಎದ್ದು ನಿಂತು ಚೀಲ ಹೆಗಲಿಗೆ ಹಾಕಿಕೊಂಡಿದ್ದಾಳೆ.

"ನಾನೂ ಬರ್ತೀನಿ. ಒಬ್ಬಳನ್ನೇ ಬಿಟ್ರೆ ಒಳಗೆ ಹೋಗಿ ಚೆನ್ನಾಗಿದ್ದೀನಿ ಡಾಕ್ಟ್ರೇ ಅಂತ ಹೇಳಿ ಬರೋಳು ನೀನು."